ನಿಮ್ಮ ಕೊಲ್ಲಿಯ ಮೇಲೆ ನನ್ನ ಹೊಟ್ಟೆಕಿಚ್ಚು

ಕೊಲ್ಲಿಯನ್ನು ಅಚ್ಚುಕಟ್ಟಾಗಿ ನೋಡಿಕೊಳ್ಳುತ್ತಿರುವ ಕಡಲೂರಿನ ಪುರಸಭೆ ಮುಖ್ಯಾಧಿಕಾರಿಗಳೇ,

ನಿಮ್ಮ ಮೇಲೆ ನನ್ನದೊಂದು ದೂರಿದೆ. ನೀವು ನಿಮ್ಮ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದೀರಿ, ಅದರಿಂದ ನನ್ನ ಸಂಸಾರ ಕೆಟ್ಟಿದೆ. ನನ್ನ ಮಗಳು ಅಂಜನಾ ನಿಮ್ಮೂರ ಶಾಲೆಯಲ್ಲಿ ಟೀಚರು. ಅವಳನ್ನು ನೋಡಿ ಬರುತ್ತೇನೆಂದು ದೀಪಾವಳಿ ಮುಗಿಸಿ ಹೊರಟ ನನ್ನ ಹೆಂಡತಿ ಸೋಮವ್ವ ಯುಗಾದಿ ಕಳೆದರೂ ತಿರುಗಿ ಬಂದಿಲ್ಲ. ದಿನಾ ಸಂಜೆ ನಿಮ್ಮ ಕೊಲ್ಲಿಯ ದಂಡೆಯಲ್ಲಿ ಕೂರುತ್ತಾಳಂತೆ. ಹೌದು ಸ್ವಾಮಿ, ನನಗೆ ಹೊಟ್ಟೆಕಿಚ್ಚು. ಗಂಡಸರ ಮೇಲೆ ಹೊಟ್ಟೆಕಿಚ್ಚುಪಡುವ ವಯಸ್ಸು ದಾಟಿತು, ಈಗ ನೀರಿನ ಮೇಲೆ ಪಡುತ್ತಿದ್ದೇನೆ.

ನಮ್ಮದೇನು ನೀರಿಲ್ಲದ ಊರೇ? ಗಲಗಲಿಯಿಂದ ಆಚೆ, ಕೃಷ್ಣೆಯ ದಂಡೆಯಲ್ಲೇ ಇದೆ. ಹೆಸರು ಬರೆಯುವುದಿಲ್ಲ, ಬರೆದರೆ ಪಂಚಾಯಿತಿಯವರ ಸಿಟ್ಟಿಗೆ ನಾಳೆ ಬೀದಿದೀಪವೂ ಹೋದೀತು. ಅಮಾವಾಸ್ಯೆಗೆ ಹೆಂಗಸರು ಹೊಳೆಯಲ್ಲಿ ಮೀಯುವ ಮೆಟ್ಟಿಲಿಗೇ ನಮ್ಮ ಪಂಚಾಯಿತಿಯವರು ಊರ ಗಟಾರವನ್ನು ತಂದು ಬಿಟ್ಟರು. ಅದಕ್ಕೆ ರಿಬ್ಬನ್ ಕಟ್ಟಿ ಉದ್ಘಾಟನೆಯನ್ನೂ ಮಾಡಿದರು! ಗ್ರಾಮಸಭೆಯಲ್ಲಿ ಸೋಮವ್ವ ಎದ್ದು ನಿಂತಳು. "ಸಾಹೇಬ್ರ, ಈ ಹೊಲಸಿನ್ಯಾಗ ಜಳಕಾ ಹೆಂಗ ಮಾಡೂದ್ರಿ?"

ಸಭೆ ನಡೆಸುತ್ತಿದ್ದ ಪಂಚಾಯಿತಿ ಅಧಿಕಾರಿ ಅವಳತ್ತ ನೋಡಲೂ ಇಲ್ಲ. ನನ್ನ ಕಡೆ ತಿರುಗಿ, "ಯಜಮಾನ್ರ, ಮನ್ಯಾಗ ನಳಾ ಐತೆಲ್ರಿ?" ಎಂದರು.

"ಐತ್ರಿ," ಎಂದೆ. ಇತ್ತಲ್ಲ, ಮತ್ತೇನು ಹೇಳಲಿ? ಸಭೆ ಅಲ್ಲಿಗೆ ಮುಗಿಯಿತು.

ಇನ್ನು ನಿಮ್ಮ ಸಭೆ. ಹೋಟೆಲುಗಳ ಕೊಳಚೆ ಪೈಪಿನಲ್ಲಿ ಕೊಲ್ಲಿಗೆ ಸೇರುತ್ತಿದೆಯೆಂದು ನೀವು ಊರನ್ನೇ ಕರೆದಿರಂತೆ, ಮೀನು ಮಾರುವ ಹೆಂಗಸರನ್ನು ಮುಂದಿನ ಸಾಲಿನಲ್ಲಿ ಕೂರಿಸಿದಿರಂತೆ. ಪರಊರಿನ ಸೋಮವ್ವ ಕೈ ಎತ್ತಿದರೆ ಅವಳಿಗೂ ಮೈಕು ಕೊಟ್ಟಿರಂತೆ. ಅವತ್ತೇ ಫೋನ್ ಮಾಡಿದಳು. "ನಾ ಮುಗಸೂತನಕ ಯಾರೂ ನಡಕ ಬಾಯಿ ಹಾಕಲಿಲ್ರಿ! ಆ ಪೈಪ್ ಮುಚ್ಚಸ್ತಾರಂತ!" ನನ್ನ ವಿಷಯದಲ್ಲಿ ಅವಳು ಅಷ್ಟು ಹುರುಪಿನಿಂದ ಮಾತಾಡಿದ್ದು ಮದುವೆಯಾದ ವರ್ಷವೂ ನೆನಪಿಲ್ಲ.

"ಛಲೋ ಆತು. ಊರಿಗೆ ಯಾವಾಗ ಬರ್ತಿ?" ಎಂದೆ. ಫೋನ್ ಇಟ್ಟಳು.

ಒಬ್ಬ ಅಧಿಕಾರಿಗೆ ಇಷ್ಟೊಂದು ಕೇಳಿಸಿಕೊಳ್ಳುವ ಚಟ ಯಾಕೆ? ಸೇವಾ ನಿಯಮಗಳಲ್ಲಿ ಹಾಗೆ ಬರೆದಿದೆಯೇ? ಬರೆದಿದ್ದರೆ ಆ ಪುಟ ನಮ್ಮ ಕಡೆಗೆ ಯಾಕೆ ಬರಲಿಲ್ಲ?

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಮುಂದಿನ ಸಭೆಗೆ ನಮ್ಮ ಪಂಚಾಯಿತಿಯವರನ್ನು ಕರೆಸಿ, ಹಿಂದಿನ ಸಾಲಿನಲ್ಲಿ ಕೂರಿಸಿ, ಸೋಮವ್ವನ ಮಾತನ್ನು ಪೂರ್ತಿ ಕೇಳಿಸಿ. ಎಲ್ಲ ಮುಗಿದ ಮೇಲೆ, ಊರಿಗೆ ಯಾವಾಗ ಹೋಗುತ್ತೀರೆಂದು ಅವಳನ್ನು ನೀವೇ ಒಂದು ಮಾತು ಕೇಳಿ. ನನಗೆ ಉತ್ತರ ಕೊಡುವುದಿಲ್ಲ. ನಿಮಗೆ ಕೊಡುತ್ತಾಳೆ.

ಇಂತಿ,
ನಿಮ್ಮ ಕೊಲ್ಲಿಯೆದುರು ಸೋತ ಗಂಡ,
ಮಹಾಲಿಂಗಪ್ಪ
ಬೀಳಗಿ ತಾಲೂಕು