ಮೆತ್ತನೆಯ ಹೋಳಿಗೆ ಯಾರದು?

॥ ಶ್ರೀ ॥
ಮಾನ್ವಿ, ೫-೧೦-೧೯೪೪

ಚಿರಂಜೀವಿ ವಾದಿರಾಜನಿಗೆ ಅಜ್ಜಿ ಅಹಲ್ಯಾಬಾಯಿ ಮಾಡುವ ಆಶೀರ್ವಾದಗಳು.

ನಿನ್ನ ನೆಗಡಿ ಹೋಯಿತೇ ಮಗು? ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತೀಯೋ ಇಲ್ಲವೋ? ನಾವು ಕ್ಷೇಮ. ದೀಪಾವಳಿಗೆ ಊರಿಗೆ ಬರುವುದಿಲ್ಲ, ಓದುವುದಿದೆ, ರಾಯಚೂರಿನಲ್ಲೇ ಇರುತ್ತೇನೆ, ಖಾನಾವಳಿಯ ಜಯಾಬಾಯಿಯೇ ಹಬ್ಬದ ಊಟ ಹಾಕುತ್ತಾಳೆ ಎಂದು ಬರೆದಿದ್ದೀ. ಓದಪ್ಪ, ಓದು. ಆ ಓದೇ ನನ್ನ ಹೊಟ್ಟೆ ಉರಿಸಿದ್ದು.

ದಸರೆಗೆ ಬಂದಾಗ ಕಟ್ಟೆಯ ಮೇಲೆ ಕೂತು ಇಂಗ್ಲಿಷ್ ಪಾಠ ಒಪ್ಪಿಸುತ್ತಿದ್ದೆಯಲ್ಲ, ಅದರಲ್ಲಿ ಮಾನ್ವಿ, ದೇವದುರ್ಗ ಎಂದು ಕಿವಿಗೆ ಬಿದ್ದು ನಿಮ್ಮ ಅಜ್ಜನನ್ನು ಕೇಳಿದೆ. ಮನೆಯವರನ್ನೇ ಇಟ್ಟು ವಾಕ್ಯ ಮಾಡಿರಿ ಎಂದು ಮಾಸ್ತರರು ಹೇಳಿದ್ದರಂತೆ. ಮಾನ್ವಿ ಅಜ್ಜಿಯ ಹೋಳಿಗೆ ಸಾಫ್ಟ್, ದೇವದುರ್ಗದ ಅಜ್ಜಿಯದು ಸಾಫ್ಟರ್! ನಾವು ‘ಅದಕ್ಕಿಂತ’ ಎಂದು ಬೇರೆ ಹೇಳುವುದನ್ನು ಇಂಗ್ಲಿಷಿನವರು ಶಬ್ದಕ್ಕೇ ಬಾಲ ಕಟ್ಟಿ ಹೇಳುತ್ತಾರಂತೆ. “ಅದು ಬರೇ ಪಾಠದ ಮಾತು, ಮನಸ್ಸಿಗೆ ಹಚ್ಚಿಕೋಬ್ಯಾಡ” ಎಂದರು ಅಜ್ಜ. ಹಚ್ಚಿಕೊಳ್ಳದೆ ಹೇಗಿರಲಿ? ಹಲ್ಲು ಬರುವ ಮೊದಲೇ ನಿನಗೆ ಹೂರಣ ನೆಕ್ಕಿಸಿದವಳು ನಾನು. ಬಾಲ ಮಾತ್ರ ನಿನ್ನ ತಾಯಿಯ ತಾಯಿ ಕಾವೇರಿಬಾಯಿಗೆ ಸಿಕ್ಕಿತೇ?

ಮೊನ್ನೆ ಅವರ ಮೊಣಕಾಲು ನೋವು ವಿಚಾರಿಸುವ ನೆಪ ಮಾಡಿ ದೇವದುರ್ಗಕ್ಕೇ ಹೋದೆ. ಹೋಳಿಗೆ ಮಾಡಿಸಿ ತಿಂದೆ. ಮೆತ್ತಗಿತ್ತು, ಸುಳ್ಳೇಕೆ ಹೇಳಲಿ. ತಡೆಯಲಾರದೆ ನಿನ್ನ ವಾಕ್ಯ ಹೇಳಿಬಿಟ್ಟೆ. ಗೆದ್ದವರು ನಗಬೇಕಲ್ಲ? ಬೀಗಿತ್ತಿ ಮುಖ ಸಣ್ಣದು ಮಾಡಿದರು. “ನಿಮಗ ಎರಡೇ ಕೇಳಿಸ್ಯಾವ ರೀ. ಮೂರನೇ ವಾಕ್ಯ ದಸರಿಗೆ ಇಲ್ಲಿಗೂ ಬಂದಾಗ ನನ್ನ ಮುಂದ ಒಪ್ಪಿಸಿ ಅರ್ಥಾನೂ ಹೇಳ್ಯಾನ. ಎಲ್ಲಾರಕಿಂತ ಮೆತ್ತಗ ರಾಯಚೂರಿನ ಜಯಾಬಾಯಿದಂತ!” ಅಂದರು. ಆ ಗಳಿಗೆಗೆ ಅವರು ನನಗೆ ಒಡಹುಟ್ಟಿದವರಂತೆ ಕಂಡರು. ಹೊಟ್ಟೆಕಿಚ್ಚೇನೂ ಆರಲಿಲ್ಲ, ರಾಯಚೂರಿನ ಕಡೆ ತಿರುಗಿತು ಅಷ್ಟೆ. ನೀನು ಹಬ್ಬಕ್ಕೆ ಬರದಿರಲು ಓದು ಕಾರಣವಲ್ಲ ಎಂದು ಇಬ್ಬರಿಗೂ ಹೊಳೆಯಿತು.

ಅಜ್ಜ ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು, ಯಾರ ಕೈಯದಾದರೂ ಸರಿ. ರಾಯರು ನಿನ್ನನ್ನು ಕಾಯಲಿ.

ಇತಿ,
ಬಾಲವಿಲ್ಲದ ನಿನ್ನ ಅಜ್ಜಿ,
ಅಹಲ್ಯಾಬಾಯಿ

ತಾ.ಕ.: ಬರುವ ಬುಧವಾರ ನಾನೂ ಕಾವೇರಿಬಾಯಿಯೂ ರಾಯಚೂರಿಗೆ ಬರುತ್ತೇವೆ. ಹೊರಗೆ ನೀರೂ ಮುಟ್ಟದ ನಾನು ಖಾನಾವಳಿಯಲ್ಲಿ ಎಲೆ ಹಾಕಿಸಿಕೊಂಡು ಕೂರುತ್ತೇನೆ, ಮಡಿ ಹೋದರೆ ಹೋಗಲಿ. ಹೋಳಿಗೆ ನಿಜವಾಗಿಯೂ ಮೆತ್ತಗಿದ್ದರೆ ಆ ಜಯಾಬಾಯಿಯ ಒಲೆಯ ಮುಂದೆ ಕೂತು ಕಲಿತೇ ಏಳುತ್ತೇವೆ. ಆಮೇಲೆ ದೀಪಾವಳಿಗೆ ಮಾನ್ವಿಗೆ ಬರದಿರಲು ಏನು ನೆಪ ಹೇಳುತ್ತೀ ಎಂಬುದನ್ನು ಈಗಿನಿಂದಲೇ ಬಾಯಿಪಾಠ ಮಾಡಿಕೋ.