ಬರದಿರೋ ಕಾರಿನ ಕಿವಿ

ಮೊಂಡ,

ಇದು ನಿನಗೆ ತಲುಪಲ್ಲ, ತಲುಪೋದೂ ಬೇಡ. ಆದರೂ ನಿನ್ನೆ ನಡೆದದ್ದನ್ನ ನಿನ್ನ ಬಿಟ್ಟು ಇನ್ಯಾರಿಗೂ ಹೇಳೋ ಹಾಗಿಲ್ಲ.

ಮುಂದೆ ಯಾವಾಗಲೋ ಬರಲಿರೋ ಸ್ಪೋರ್ಟ್ಸ್ ಕಾರಿನ ಫೋಟೋ ಒಂದು ನಮ್ಮ ಕಾರು ಹುಚ್ಚರ ವಾಟ್ಸಾಪ್ ಗ್ರೂಪಿಗೆ ಬಂತು. ಮೈತುಂಬ ಹೊದಿಕೆ, ಕಾಣೋದು ಚಕ್ರ ಮಾತ್ರ. ಕೂಸು ಹುಟ್ಟೋ ಮುಂಚೆ ಎಲ್ಲರೂ ಕುಲಾವಿ ಹೊಲಿಯೋಕೆ ಕೂತರು. ಇಂಜಿನ್ ಮುಂದಿರುತ್ತೆ ಅಂತ ಗ್ರೂಪಲ್ಲಿರೋ ಹಲ್ಲಿನ ಡಾಕ್ಟರು, ಸೀಟಿನ ಹಿಂದೆ ಅಂತ ನಾನು. ಆಗ ಹೊಸದಾಗಿ ಸೇರಿರೋ ಒಬ್ಬ ಬರೆದ: "ಬಾಗಿಲ ಹಿಂದೆ ಕಿವಿ ಉಬ್ಬಿದೆಯಾ ನೋಡಿ."

ಇಂಜಿನ್ನಿಗೆ ಗಾಳಿ ಹೋಗೋ ಕಿಂಡಿಗೆ ಕಿವಿ ಅನ್ನೋರು ನಾವಿಬ್ಬರೇ ಅಲ್ವಾ? ಅವನಿಗೆ ಹೆಸರಿಲ್ಲ, ನಂಬರೂ ಗೊತ್ತಿಲ್ಲದ್ದು, ಮುಖದ ಜಾಗದಲ್ಲಿ ಒಂದು ಸ್ಪ್ಯಾನರ್ ಚಿತ್ರ. ಇವನು ನೀನೇ ಇರಬಹುದಾ ಅಂತ ನನ್ನ ತಲೆಗೆ ಹುಳ ಹೊಕ್ಕಿತು.

ಪರೀಕ್ಷೆ ಮಾಡೋಣ ಅಂತ ಬೇಕಂತಲೇ ಬರೆದೆ: "ಇಂಜಿನ್ ಎಲ್ಲಿದ್ರೇನು, ಓಡಿದ್ರೆ ಸಾಕು." ಆವತ್ತು ಇದೇ ಮಾತಿಗೆ ತಾನೇ ನೀನು ಟೀ ಲೋಟ ಕುಕ್ಕಿ ನನ್ನ ಗ್ಯಾರೇಜಿಂದ ಎದ್ದು ಹೋಗಿದ್ದು?

ಅವನು ಟೈಪ್ ಮಾಡ್ತಿರೋದು ಕಾಣಿಸ್ತು, ನಿಂತಿತು, ಮತ್ತೆ ಕಾಣಿಸ್ತು. ಬೈಗುಳಕ್ಕೆ ಕಿವಿ ನಿಮಿರಿಸಿ ಕೂತೆ. ಬಂದದ್ದು ಇಷ್ಟೇ: "ಇರಬಹುದು ಸಾರ್."

ಗ್ಯಾರೇಜಲ್ಲಿ ನೀನು ಕೂರ್ತಿದ್ದ ಸ್ಟೂಲಿನ ಮೇಲೆ ಈಗ ಹಳೇ ಬ್ಯಾಟರಿ ಇಟ್ಟಿದ್ದೀನಿ. ಬೇರೆ ಯಾರೂ ಕೂರಬಾರದು ಅಂತಲ್ಲ, ಇಡೋಕೆ ಜಾಗ ಇರಲಿಲ್ಲ.

ಅದು ನೀನಲ್ಲ ಬಿಡು. ನೀನಾಗಿದ್ರೆ ಜಗಳಕ್ಕೆ ಬರ್ತಿದ್ದೆ. ನನ್ನ ಜೊತೆ ಜಗಳವೂ ಬೇಡ ಅನ್ನಿಸಿ ಹಾಗೆ ಬರೆದವನು ನೀನೇ ಅಂತ ಮಾತ್ರ ಆಗದಿರಲಿ.