ಗೋಡೆಯೊಳಗಿನ ಉತ್ತರ

14 ಮಾರ್ಚ್ 2024, ಗುರುವಾರ

ಅತ್ತೆ ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ.

ಹೊಸ ಮನೆಗೆ ಬಂದು ಒಂದು ತಿಂಗಳಾಯಿತು. ಇಟ್ಟಿಗೆಯೇ ಇಲ್ಲದೆ, ಅಚ್ಚು ನಿಲ್ಲಿಸಿ ಕಾಂಕ್ರೀಟ್ ಸುರಿದು ಕಟ್ಟಿದ ಗೋಡೆಗಳು. ಬೇಗ ಎದ್ದವು, ಬಿರುಕಿಲ್ಲ, ಗೆದ್ದಲಿಲ್ಲ. ಸರ್ಜಾಪುರ ರಸ್ತೆಯ ಲಾರಿ ಸದ್ದೂ ಒಳಗೆ ಬರಲ್ಲ ಅಂತ ಇವರು ಬಂದವರಿಗೆಲ್ಲ ಹೇಳುತ್ತಾರೆ. ನಿಜವೇ.

ಮಧ್ಯಾಹ್ನ ಅತ್ತೆ ಒಳಗಿದ್ದಾಗ ಅವರ ಬಚ್ಚಲುಮನೆಯ ಚಿಲಕ ಸಿಕ್ಕಿಹಾಕಿಕೊಂಡಿತು. ಗೋಡೆಯ ಈಚೆ ಅಡುಗೆಮನೆಯಲ್ಲಿ ನಾನು ಸೊಪ್ಪು ಬಿಡಿಸುತ್ತಿದ್ದೆ. ಎರಡು ಗಂಟೆ ಕಾಲ ಒಂದು ಸದ್ದೂ ಕೇಳಲಿಲ್ಲ. ಕಾಫಿ ಕೊಡಲು ಹೋದಾಗಲೇ ಗೊತ್ತಾಗಿದ್ದು. ಪಕ್ಕದ ಮನೆಯ ಪಾಪಯ್ಯ ಬಂದು ಬಾಗಿಲು ಒಡೆದರು.

ಅಳುತ್ತಿರುತ್ತಾರೆ ಅಂದುಕೊಂಡಿದ್ದೆ. ಬಕೆಟ್ ಬೋರಲು ಹಾಕಿ ಆರಾಮಾಗಿ ಕೂತಿದ್ದರು.

"ಭಯ ಆಗ್ಲಿಲ್ವಾ ಅತ್ತೆ?"

"ಯಾಕವ್ವ ಭಯ? ನೀನು ಗೋಡೆ ಒಳಗಿಂದ ಮಾತಾಡ್ತಾನೇ ಇದ್ಯಲ್ಲ. 'ಇರಿ ಅತ್ತೆ, ಬಂದೆ' ಅಂತ."

ನಾನು ಬಾಯೇ ಬಿಟ್ಟಿರಲಿಲ್ಲ. ಮನೆಯಲ್ಲಿ ಇನ್ಯಾರೂ ಇರಲಿಲ್ಲ. ಹಾಗಂತ ಹೇಳಿದೆ. ಅತ್ತೆ ನನ್ನ ಮುಖವನ್ನೇ ನೋಡಿದರು. ಸಂಜೆ ಇವರಿಗೆ ಹೇಳಿದರೆ, "ಅಮ್ಮಂಗೆ ವಯಸ್ಸಾಯ್ತು ಬಿಡು" ಅಂದರು. ಇವರು ಸ್ನಾನಕ್ಕೆ ಹೋದಾಗ ಅಡುಗೆಮನೆಯ ಆ ಗೋಡೆಗೆ ಕಿವಿಯಿಟ್ಟೆ. ಏನೂ ಇಲ್ಲ, ಬರೀ ತಣ್ಣಗೆ.

ಮಲಗುವ ಹೊತ್ತಿಗೆ ಅತ್ತೆ ಹಾಸಿಗೆಯನ್ನು ಅಡುಗೆಮನೆ ಕಡೆಯ ಗೋಡೆಗೆ ಎಳೆದುಕೊಂಡಿದ್ದರು.

"ಇಲ್ಲಿ ಯಾಕತ್ತೆ?"

"ಪಾಪ, ಅವಳೊಬ್ಳೇ ಇರ್ತಾಳಲ್ಲ," ಅಂದರು.

ಅತ್ತೆ ಕೂಗಿದರೆ ಕೇಳಿಸಲಿ ಅಂತ ಎರಡೂ ಕೋಣೆಯ ಬಾಗಿಲು ತೆರೆದಿಟ್ಟಿದ್ದೇನೆ. ಇನ್ನು ಅವಳು ಕೂಗಿದರೆ ಅದೂ ನನಗೆ ಕೇಳಿಸುತ್ತದೆ.